ಗಾಣ ಬದಲಾದರೆ ಪಾಲು ಬದಲಾಗಬೇಕೆ?

ನಾಲ್ಕು ಮಂದಿ ಗೆಳೆಯರು ಕೂಡಿ ಒಂದು ಗಾಣ ನಡೆಸುತ್ತಾರೆ. ಮುಂದೆ ಎತ್ತಿನ ಗಾಣ ಹೋಗಿ ಇಂಜಿನ್ನಿನ ಗಾಣ ಬರುತ್ತದೆ. ಅದಕ್ಕೆ ರೊಕ್ಕ ಹಾಕಲಾರದವನು ಇನ್ನೂ ಪಾಲುದಾರ ಹೌದೋ ಅಲ್ಲೋ? ನಮ್ಮ ಜತ್ತ ಭಾಗದಾಗ ನೀರಿದ್ದಲ್ಲಿ ಕಬ್ಬು ಹಚ್ಚಿದವರ ನಡುವೆ ಏಳುವ ಪ್ರಶ್ನೆ ಇದು. ಬರೇ ಬೆಲ್ಲದ ಮಾತಲ್ಲ, ಕೂಡಿ ಬಾಳೋ ಮಾತು. ನಾನು ಏಳನೇ ಇಯತ್ತೆ ಕಲಿತ ಒಕ್ಕಲುತನದವ, ಪದ ಹಾಡಾವ. ತಿಳಿದಷ್ಟು ಬರೀತೀನಿ. ತಪ್ಪಿದ್ದರ ಗುರುಗಳು ತಿದ್ದಬೇಕು.

ಎತ್ತಿನ ಗಾಣದೊಳಗೆ ಪಾಲು ಅಳೆಯೋದು ಸುಲಭ ಇತ್ತು. ಒಬ್ಬನ ಎತ್ತು, ಒಬ್ಬನ ಕೊಪ್ಪರಿಗೆ. ಒಬ್ಬ ಗಾಣಕ್ಕೆ ಕಬ್ಬು ಕೊಡಾವ, ಒಬ್ಬ ಒಣಗಿದ ಸಿಪ್ಪೆ ಒಲೆಗೆ ಹಾಕಾವ. ಇವತ್ತು ನಿನ್ನ ಕಬ್ಬು, ನಾಳೆ ನನ್ನ ಕಬ್ಬು. 10 ಕಿಲೋ ಕಬ್ಬಿಗೆ ಸುಮಾರು 1 ಕಿಲೋ ಬೆಲ್ಲ. ಇಂಜಿನ್ ಬಂದರೆ ಎತ್ತಿನ ಹೆಗಲು ಉಳಿಯುತ್ತದೆ, ಮನುಷ್ಯನ ನಿದ್ದೆ ಉಳಿಯುತ್ತದೆ, ಹಾಲೂ ಹೆಚ್ಚು ಇಳಿಯುತ್ತದೆ. ಹಳೇದೇ ಚಲೋ ಇತ್ತು ಅಂತ ನಾನು ಅನ್ನೋದಿಲ್ಲ. ಕಣದಾಗಿಂದ ಹಂತಿ ಹಾಡು ಹೋತು ಅಂತ ನನಗೂ ಕಸಿವಿಸಿ ಐತಿ. ಆದರ ಹಾಡಿನ ಸಲುವಾಗಿ ಎತ್ತು ಸುತ್ತಬೇಕು ಅನ್ನೋದು ನ್ಯಾಯ ಅಲ್ಲ.

ರೊಕ್ಕ ಹಾಕಿದವರ ಮಾತಿಗೂ ತೂಕ ಐತಿ. ಸಾಲ ಅವರ ಹೆಸರಿಗೆ, ಬಡ್ಡಿ ಅವರ ತಲೆಗೆ. "ನಾವು ಸಾಲ ತೀರಿಸೋದು, ಅವ ಪುಕ್ಕಟೆ ಕಬ್ಬು ಆಡಿಸೋದು ಹೆಂಗ?" ಅಂತ ಕೇಳಿದರೆ ಸುಳ್ಳು ಅನ್ನಲಾಗದು.

ಆದರೆ ಪಾಲು ಅಂದರೆ ರೊಕ್ಕ ಒಂದೇ ಏನು? ಕಬ್ಬಿನ ಹಾಲು ಹಿಂಡೋದು ಯಂತ್ರ, ಬೆಲ್ಲ ಮಾಡೋದು ಮನುಷ್ಯ. ಬೆಂಡಿ ಗಿಡದ ಲೋಳೆ ಹಾಕಿ ಹೊಲಸು ನೊರೆ ತೆಗೆಯೋದು, ಪಾಕವನ್ನ ತಣ್ಣೀರಿಗೆ ಬಿಟ್ಟು ಬೆರಳಿಂದ ಉಂಡಿ ಕಟ್ಟಿ ನೋಡೋದು ಇಂಜಿನ್ನಿಗೆ ತಿಳಿಯೋದಿಲ್ಲ. ಗಳಿಗೆ ತಪ್ಪಿದರೆ ಬೆಲ್ಲ ಗಟ್ಟಿಯಾಗದು, ಇಲ್ಲಾ ಸೀದು ಕರ್ರಗಾಗುವುದು. ಇಂಥ ಕೈಗಳು ಕೂಡಿ ಗಳಿಸಿದ್ದಕ್ಕೇ ಹೊಸ ಗಾಣ ತರುವ ಶಕ್ತಿ ಬಂತು. ಆ ಬೆವರಿನ ಲೆಕ್ಕ ಯಾವ ಪಾವತಿಯಲ್ಲೂ ಇಲ್ಲ. ಪಾವತಿ ಇಲ್ಲ ಅಂದ ಮಾತ್ರಕ್ಕೆ ಅದು ಸುಳ್ಳಾಗೋದಿಲ್ಲ. ಹಾಡಿನ ಮ್ಯಾಳಕ್ಕೆ ಮೈಕ ಬಂದಾಗ, ರೊಕ್ಕ ಕೊಟ್ಟವನೇ ಹಾಡಬೇಕು ಅಂತ ಯಾರು ಅಂದರು? ತಾಳ ಹಾಕಾವನೂ ಮ್ಯಾಳದಾಗೇ ಉಳಿದ.

ಇನ್ನೊಂದು ಮಾತು. ಕಡಿದ ಕಬ್ಬು ದಿನಾ ಒಣಗಿ ತೂಕ ಕಳೆದುಕೊಳ್ಳುತ್ತದೆ. ಹಿಂಡಿದ ಹಾಲು ಇಟ್ಟರೆ ಹುಳಿ ಬಂದು ಸೆರೆಯ ದಾರಿ ಹಿಡಿಯುತ್ತದೆ. ಹಂಗಾಗಿ ಬಡವಗ "ನೀ ಕಡೀಕ ಬಾ" ಅನ್ನೋದು "ಬರಬ್ಯಾಡ" ಅಂದಂಗ.

ನನ್ನ ತೀರ್ಮಾನ ಇಷ್ಟು. ಸುಗ್ಗಿಯ ಗಳಿಕೆಯಿಂದ ಮೊದಲು ರೊಕ್ಕ ಹಾಕಿದವರ ಅಸಲು, ಬಡ್ಡಿ ಮುಟ್ಟಲಿ. ರೊಕ್ಕ ಇಲ್ಲದವ ದುಡಿದು ತನ್ನ ಪಾಲು ತುಂಬಲಿ. ಒಂದು ಸುಗ್ಗಿಗೆ ಆಗದಿದ್ದರ ಮೂರು ಸುಗ್ಗಿಗೆ ತುಂಬಲಿ. ಆದರೆ ಪಾಳಿ ಮಾತ್ರ ಮೊದಲ ದಿನದಿಂದಲೇ ಎಲ್ಲರಿಗೂ ಸಮ ಇರಲಿ. ಸಾಲಕ್ಕ ಮುದ್ದತ್ತು ಕೊಡಬಹುದು, ಕಡಿದ ಕಬ್ಬಿಗೆ ಕೊಡಲಾಗದು.

ಬೋರು, ಟ್ರ್ಯಾಕ್ಟರ್, ರಾಶಿ ಮಷಿನ್ನು, ಏನೇ ಕೂಡಿ ತರುವವರೂ ತರುವ ಮೊದಲೇ ಕೂತು ಮಾತಾಡಿ ಬರೆದಿಡಿರಿ. ಇಂಜಿನ್ ಚಾಲೂ ಆದ ಮ್ಯಾಲೆ ಒಬ್ಬರ ಮಾತು ಒಬ್ಬರಿಗೆ ಕೇಳಿಸೋದಿಲ್ಲ.