ಯಾರು ಯಾರಿಗೆ ಹಾಕಿದ ಕಟ್ಟು?

ದಕ್ಷಿಣ ಕೊಡಗಿನ ಒಂದು ಊರು. ದೇವರಕಾಡಿನೊಳಗಿರುವ ಅಯ್ಯಪ್ಪನ ಕಲ್ಲಿಗೆ ಗುಡಿ ಕಟ್ಟಬೇಕೆಂದು ಸಮಿತಿ ಹೊರಟಿದೆ. ಹಬ್ಬದ ಲೆಕ್ಕ ನೋಡಲು ಕೂತ ದೇವತಕ್ಕರು (ಊರ ದೇವರ ಕಾರ್ಯಗಳ ಮುಖ್ಯಸ್ಥರು), ಖಜಾಂಚಿಯಾಗಿರುವ ಅವರ ತಮ್ಮನ ಮಗ, ಊರಿನ ಆಚರಣೆಗಳನ್ನು ಬರೆದುಕೊಳ್ಳಲು ಮೈಸೂರಿನಿಂದ ಬಂದ ಸಮಾಜಶಾಸ್ತ್ರದ ಉಪನ್ಯಾಸಕಿ: ಈ ಮೂವರ ಮಾತುಕತೆ.

ಖಜಾಂಚಿ: ದೊಡ್ಡಪ್ಪ, ನಮಗೆಲ್ಲ ಟೆರೇಸ್ ಮನೆ. ದೇವರು ಮಾತ್ರ ಮಳೆಯಲ್ಲಿ ನೆನೀತಾ ಕೂತಿದ್ದಾನೆ. ಪ್ರಶ್ನೆ ಇಟ್ಟಾಗಲೂ ಅದೇ ಬಂತು, ದೇವರಿಗೆ ನೆಲೆ ಬೇಕು ಅಂತ. ಹತ್ತು ಸೆಂಟು ಜಾಗ ಸಾಕು. ಇಷ್ಟು ದೊಡ್ಡ ಕಾಡಲ್ಲಿ ಹತ್ತು ಸೆಂಟು ಏನು ಮಹಾ?

ತಕ್ಕರು: ಮಳೆ ಅಯ್ಯಪ್ಪನಿಗೆ ಹೊಸದಲ್ಲ ಮಗ. ಅವನು ಬೇಟೆಯ ದೇವರು. ಹರಕೆಗೆ ಮಣ್ಣಿನ ನಾಯಿ ಒಪ್ಪಿಸ್ತೀವಲ್ಲ, ಯಾಕೆ? ನಾಯಿ ಕಟ್ಟಿಕೊಂಡು ಕಾಡು ಅಲೆಯುವವನು ಅಂತ. ಅವನನ್ನು ಒಳಗೆ ಕೂರಿಸಿ ಬೀಗ ಹಾಕೋದಾ? ಹತ್ತು ಸೆಂಟು ಗುಡಿಗೆ ಸರಿ. ಜಲ್ಲಿ ಲಾರಿ ಬರೋಕೆ ರಸ್ತೆ ಬೇಕು. ಆಮೇಲೆ ಬೋರ್‌ವೆಲ್, ಅಡುಗೆ ಶೆಡ್ಡು, ಕಾರು ನಿಲ್ಲಿಸೋಕೆ ಜಾಗ. ಕೊನೆಗೆ ಕಲ್ಯಾಣಮಂಟಪ.

ಉಪನ್ಯಾಸಕಿ: ಸೂರು ಬೇಡದ ದೇವರು ಇಲ್ಲಿ ಮಾತ್ರ ಇರುವುದಲ್ಲ. ದಕ್ಷಿಣ ಕನ್ನಡದ ಸೌತಡ್ಕದಲ್ಲಿ ಗಣಪತಿ ಗರ್ಭಗುಡಿಯೇ ಇಲ್ಲದೆ ಬಯಲಲ್ಲಿ ಕೂತಿದ್ದಾನೆ. ಹಾಗೆಂದು ಯಾರೂ ಅವನನ್ನು ಕಡಿಮೆ ದೇವರು ಅನ್ನುವುದಿಲ್ಲ.

ಖಜಾಂಚಿ: ಮೇಡಂ, ನೀವು ಓದಿದವರೇ ಹೀಗಂದರೆ ಹೇಗೆ? ಪಕ್ಕದ ಊರಲ್ಲಿ ಬ್ರಹ್ಮಕಲಶ ಆಯ್ತು, ತಂತ್ರಿಗಳು ಬಂದರು, ಸಾವಿರಾರು ಜನಕ್ಕೆ ಊಟ ಆಯ್ತು. ನಮ್ಮೂರವರು ಅಲ್ಲಿ ಹೋಗಿ ಸಾಲಲ್ಲಿ ನಿಂತು ಬಂದರು. ನಮ್ಮ ದೇವರಿಗೆ ಅಂಥ ಮರ್ಯಾದೆ ಬೇಡವಾ?

ಉಪನ್ಯಾಸಕಿ: ನಿಮ್ಮ ಈ ಮಾತಿನ ಮೇಲೇ ಒಂದು ಪುಸ್ತಕ ನಿಂತಿದೆ. ನಮ್ಮ ಮೈಸೂರಿನ ಎಂ. ಎನ್. ಶ್ರೀನಿವಾಸ್ ಕೊಡವರ ಧರ್ಮ ಮತ್ತು ಸಮಾಜದ ಬಗ್ಗೆ ಬರೆದದ್ದು, 1952ರಲ್ಲಿ ಬಂತು. ಸಮಾಜದಲ್ಲಿ ಮೇಲೇರಲು ಬಯಸುವವರು ಮೇಲಿನವರ ಆಚಾರವನ್ನು ತಮ್ಮದಾಗಿಸಿಕೊಳ್ಳುತ್ತಾರೆ ಎಂದು ಅದರಲ್ಲಿ ತೋರಿಸಿದರು. ಅದನ್ನು ಸಂಸ್ಕೃತೀಕರಣ ಎಂದು ಕರೆದರು. ಮನುಷ್ಯರಿಗೆ ಬಡ್ತಿ ಸಿಕ್ಕಾಗ ದೇವರಿಗೂ ಸಿಗಲೇಬೇಕಲ್ಲ. ಬೇಟೆಯ ಅಯ್ಯಪ್ಪ ಪುರಾಣದ ಶಾಸ್ತಾರನಾಗುತ್ತಾನೆ, ಮರದ ಬುಡದಿಂದ ಎದ್ದು ಕಾಂಕ್ರೀಟಿನ ಕೆಳಗೆ ಬರುತ್ತಾನೆ. ಕರಾವಳಿಯ ಎಷ್ಟೋ ನಾಗಬನಗಳಲ್ಲಿ ಆದದ್ದೂ ಇದೇ. ನಾಗನಿಗೆ ಸಿಮೆಂಟಿನ ಕಟ್ಟೆ ಬಂತು, ಬನ ಹೋಯಿತು.

ತಕ್ಕರು: ಅದನ್ನೇ ನಾನೂ ಹೇಳೋದು. ಹಿಂದೆ ನಂಬಿಕೆ ಇತ್ತು, ಅದಕ್ಕೇ ಕಾಡು ಇತ್ತು. ಒಣಗಿದ ಪುಳ್ಳೆಯನ್ನೂ ಯಾರೂ ಹೊರಗೆ ತರುತ್ತಿರಲಿಲ್ಲ.

ಉಪನ್ಯಾಸಕಿ: ತಕ್ಕರೇ, ಅಷ್ಟು ಸಲೀಸಾಗಿ ಒಪ್ಪಲಾರೆ. ಜಿಲ್ಲೆಯಲ್ಲಿ ಸುಮಾರು 1,200 ದೇವರಕಾಡುಗಳಿವೆ. ಬ್ರಿಟಿಷರ ಕಾಲದ ದಾಖಲೆಯಲ್ಲಿ ಅವು 15,000 ಎಕರೆಗೂ ಹೆಚ್ಚಿದ್ದವು. 1985ರ ಹೊತ್ತಿಗೆ ಉಳಿದದ್ದು 6,300 ಎಕರೆಯ ಆಸುಪಾಸು. ಅರ್ಧಕ್ಕಿಂತ ಹೆಚ್ಚು ಕರಗಿತು. ಕರಗಿಸಿದವರು ನಾಸ್ತಿಕರಲ್ಲ. ವರ್ಷ ವರ್ಷ ಹಬ್ಬಕ್ಕೆ ಬಂದು ಕೈ ಮುಗಿಯುವವರೇ ಕಾಫಿಗೆ ಬೆಲೆ ಬಂದಾಗ ಬೇಲಿಯನ್ನು ಒಳಗೆ ಸರಿಸಿದರು. ನಂಬಿಕೆ ಇದ್ದೂ ಕಾಡು ಹೋಯಿತು ಅಂದಮೇಲೆ, ಕಾಡನ್ನು ಉಳಿಸಿದ್ದು ಬರೀ ನಂಬಿಕೆ ಎಂದು ಹೇಳುವುದು ಹೇಗೆ?

ತಕ್ಕರು: (ಸ್ವಲ್ಪ ಹೊತ್ತು ಯೋಚಿಸಿ) ನಂಬಿಕೆ ಹೋಗಲಿಲ್ಲ ಅನ್ನೋದು ನಿಜ. ಅದರ ನಡತೆ ಬದಲಾಯಿತು. ಹಬ್ಬಕ್ಕೆ ಕಟ್ಟು ಬಿದ್ದ ಮೇಲೆ ಊರಲ್ಲಿ ಹಸಿಮರ ಕಡಿಯುವಂತಿಲ್ಲ, ಪ್ರಾಣಿ ಕೊಲ್ಲುವಂತಿಲ್ಲ. ಊರಿಗೆ ಆ ಕಟ್ಟು ಹಬ್ಬದವರೆಗೆ, ಕಾಡಿಗೆ ವರ್ಷಪೂರ್ತಿ. ಅಲ್ಲಿ ದೇವರಿಗೆ ಏನೂ ಕೊಡಬೇಕಾಗಿರಲಿಲ್ಲ, ಸುಮ್ಮನೆ ಬಿಟ್ಟರೆ ಸಾಕಿತ್ತು. ಈಗಿನವರಿಗೆ ಬಿಡೋದು ಕಷ್ಟ, ಕೊಡೋದು ಸುಲಭ. ನಾಲ್ಕು ಮರ ಉರುಳಿಸಿ, ಹಿತ್ತಾಳೆ ಗಂಟೆ ಮಾಡಿಸಿ, ಅದರ ಮೇಲೆ ಹೆಸರು ಕೆತ್ತಿಸಿದರೆ ಲೆಕ್ಕ ಚುಕ್ತಾ.

ಖಜಾಂಚಿ: ಅದು ಸರಿ ದೊಡ್ಡಪ್ಪ, ಆದರೆ ಒಂದು ಮಾತು ನೀವು ಹೇಳುತ್ತಿಲ್ಲ. ನಮ್ಮ ಕಾಡಿಗೆ ಹೆಂಗಸರು ಕಾಲಿಡುವ ಹಾಗಿಲ್ಲ. ಅವ್ವ ಈ ಊರಿಗೆ ಸೊಸೆಯಾಗಿ ಬಂದು ಮುದುಕಿಯಾದಳು, ಆ ಕಲ್ಲನ್ನು ಇನ್ನೂ ನೋಡಿಲ್ಲ. ನಮ್ಮ ತೋಟಗಳಲ್ಲಿ ದುಡಿಯುವ ಲೈನ್‌ಮನೆಯ ಯರವರು ಹಬ್ಬದ ದಿನ ಎಲ್ಲಿ ನಿಲ್ಲುತ್ತಾರೆ? ಕಾಡಿನ ಅಂಚಲ್ಲಿ. ಗುಡಿ ಕಟ್ಟಿದರೆ ಎಲ್ಲರೂ ಒಳಗೆ ಬರುತ್ತಾರೆ, ಒಂದೇ ಪಂಕ್ತಿಯಲ್ಲಿ ಊಟ ಮಾಡುತ್ತಾರೆ. ನೀವು ಮರಕ್ಕೆ ಮರುಗುತ್ತೀರಿ. ನಾನು ಮನುಷ್ಯರ ಬಗ್ಗೆ ಕೇಳುತ್ತಿದ್ದೇನೆ.

ತಕ್ಕರು: ದೇವರಪುರದ ಕುಂಡೆ ಹಬ್ಬ ನೋಡಿದ್ದೀಯಲ್ಲ. ಬೇಟೆಗೆಂದು ಕರೆದುಕೊಂಡು ಹೋದ ಅಯ್ಯಪ್ಪ ಭದ್ರಕಾಳಿಯ ಹಿಂದೆ ಹೋಗಿ ತಮ್ಮನ್ನು ಕಾಡಲ್ಲೇ ಬಿಟ್ಟ ಅಂತ ಯರವರು ದೇವರನ್ನೇ ಬಾಯಿಗೆ ಬಂದ ಹಾಗೆ ಬೈಯುತ್ತಾರೆ. ದೇವರನ್ನು ಬೈಯುವ ಹಕ್ಕು ಯಾವ ಗುಡಿಯಲ್ಲಿ ಉಂಟು?

ಖಜಾಂಚಿ: ವರ್ಷಕ್ಕೊಂದು ಸಲ ಬೈದು ಮತ್ತೆ ಲೈನ್‌ಮನೆಗೇ ಹೋಗಬೇಕು. ಅವರಿಗೆ ಬೇಕಾಗಿರುವುದು ಬೈಗುಳವಾ, ಜಾಗವಾ?

ಉಪನ್ಯಾಸಕಿ: ಇವರ ಪ್ರಶ್ನೆಯನ್ನು ತಳ್ಳಿಹಾಕಲು ಆಗುವುದಿಲ್ಲ ತಕ್ಕರೇ. ಮರ ಕಡಿಯಬಾರದು ಅನ್ನುವುದೂ ಕಟ್ಟು, ಹೆಂಗಸರು ಬರಬಾರದು ಅನ್ನುವುದೂ ಕಟ್ಟು. ಎರಡೂ ಹಿರಿಯರಿಂದ ಬಂದದ್ದು, ಎರಡಕ್ಕೂ ದೇವರ ಸಿಟ್ಟೇ ಕಾವಲು. ಒಂದನ್ನು ಹಿಡಿದು ಇನ್ನೊಂದನ್ನು ಬಿಡುತ್ತೇವೆ ಅಂದರೆ ಕಾರಣ ಬೇಕು. 'ಪರಂಪರೆ' ಅನ್ನುವುದು ಆ ಕಾರಣ ಆಗಲಾರದು, ಯಾಕೆಂದರೆ ಪರಂಪರೆ ಎರಡನ್ನೂ ಸೇರಿಸಿಯೇ ಕೊಟ್ಟಿದೆ.

ತಕ್ಕರು: ನಿಮಗೇನು ಕಾಣುತ್ತೆ?

ಉಪನ್ಯಾಸಕಿ: ಯಾರು ಯಾರಿಗೆ ಹಾಕಿದ ಕಟ್ಟು ಎಂದು ಕೇಳಬೇಕು. ಕೊಡಲಿ ಯಾರ ಕೈಯಲ್ಲಿತ್ತು? ಜಮೀನಿದ್ದ ಒಕ್ಕಗಳ, ಅಂದರೆ ಮನೆತನಗಳ ಕೈಯಲ್ಲಿ. 'ಇಲ್ಲಿ ಕಡಿಯೆವು' ಎಂದವರೂ ಅವರೇ. ಬಲ ಇದ್ದವರು ತಮ್ಮ ಬಲಕ್ಕೆ ತಾವೇ ಹಾಕಿಕೊಂಡ ಕಡಿವಾಣ ಅದು. ಹೆಂಗಸರ ಕಟ್ಟನ್ನು ಹೆಂಗಸರು ಮಾಡಲಿಲ್ಲ, ಯರವರ ಕಟ್ಟನ್ನು ಯರವರು ಮಾಡಲಿಲ್ಲ. ತನಗೆ ತಾನು ಹಾಕಿಕೊಂಡ ಕಟ್ಟು ವ್ರತ. ಇನ್ನೊಬ್ಬರಿಗೆ ಹಾಕಿದ್ದು ಬರೀ ಅಧಿಕಾರ. ನಮ್ಮ ಧರ್ಮದಲ್ಲಿ ಇವೆರಡೂ ಒಂದೇ ದೇವರ ಹೆಸರಲ್ಲಿ ಹೆಣೆದುಕೊಂಡಿವೆ. ಸುಧಾರಕರು ಎರಡನ್ನೂ ಒಟ್ಟಿಗೆ ಕಿತ್ತುಹಾಕಲು ನೋಡುತ್ತಾರೆ, ಸಂಪ್ರದಾಯದವರು ಎರಡನ್ನೂ ಒಟ್ಟಿಗೆ ಕಾಯುತ್ತಾರೆ.

ಖಜಾಂಚಿ: ಹಾಗಾದರೆ ಗುಡಿ ಇಲ್ಲದೆಯೇ ಎಲ್ಲರನ್ನೂ ಒಳಗೆ ಬಿಡಬಹುದು ಅಂತೀರಾ?

ಉಪನ್ಯಾಸಕಿ: ಬಿಡಲಿಕ್ಕೆ ಸಿಮೆಂಟು ಯಾಕೆ? ತಡೆದದ್ದು ಗೋಡೆಯಲ್ಲವಲ್ಲ. ಗುಡಿ ಕಟ್ಟಿದ ಮೇಲೂ ಗರ್ಭಗುಡಿಯ ಹೊಸ್ತಿಲಲ್ಲಿ ಹೊಸ ಕಟ್ಟು ಹುಟ್ಟುತ್ತದೆ. ಈಗ ಆ ಕಲ್ಲನ್ನು ನೀವಾದರೂ ಹತ್ತಿರದಿಂದ ನೋಡುತ್ತೀರಿ. ಆಗ ನೀವೂ ಹೊರಗೇ.

ತಕ್ಕರು: (ನಕ್ಕು) ಆಗ ನಾನೂ ಹೊರಗೆ! ಮಗ, ಈ ಹಬ್ಬಕ್ಕೆ ನಿನ್ನ ಅವ್ವನನ್ನು ಕರೆದುಕೊಂಡು ಬಾ. ನಾನೇ ಮುಂದೆ ನಡೀತೀನಿ. ಬಾಯಿ ಮಾಡುವವರು ನನ್ನ ಹತ್ತಿರ ಮಾಡಲಿ. ಗುಡಿ ಮಾತ್ರ ಬೇಡ.

ಖಜಾಂಚಿ: ಅವ್ವ ಬರಲಿ, ಸಂತೋಷ. ಆದರೆ ದೊಡ್ಡಪ್ಪ, ನನ್ನ ಹತ್ತು ಸೆಂಟು ನಿಮ್ಮ ಕಣ್ಣಿಗೆ ಚುಚ್ಚುತ್ತೆ. ಹಳೆಯ ನಕ್ಷೆ ಹಿಡಿದು ಅಳೆದರೆ ನಮ್ಮ ಮೇಲಿನ ಕಾಫಿ ತೋಟ ಎಲ್ಲಿ ಬೀಳುತ್ತೆ ಅಂತ ನಿಮಗೂ ಗೊತ್ತು. ಮೇಡಂ ಹೇಳಿದ ವ್ರತ ಅಲ್ಲಿಂದ ಶುರುವಾಗಬೇಕಲ್ಲವಾ? ಲೈನ್‌ಮನೆಯವರು ಸೌದೆ ಆಯ್ದರೆ ಬೈತೀವಿ. ನಮ್ಮ ಬೇಲಿ ಬಗ್ಗೆ ಯಾರೂ ಬಾಯಿ ಬಿಡಲ್ಲ.

ಉಪನ್ಯಾಸಕಿ: ಈಗ ನೀವು ನನಗಿಂತ ನೇರವಾಗಿ ಕೇಳಿದಿರಿ.

ತಕ್ಕರು: ಸರ್ವೆ ಮಾಡಿಸಿದರೆ ಸಮಿತಿಯಲ್ಲಿ ಎಷ್ಟು ಜನ ಉಳಿತಾರೆ?

ಖಜಾಂಚಿ: ಅರ್ಧ ಜನ ಉಳಿದರೆ ಹೆಚ್ಚು.

ತಕ್ಕರು: ಉಳಿದವರಿಗೆ ಹಬ್ಬ ಮಾಡೋಣ. ನಾಳೆ ಅರ್ಜಿ ಬರಿ, ಮೊದಲ ಸಹಿ ನಂದು. ಚೈನು ನಮ್ಮ ತೋಟದಿಂದಲೇ ಹಿಡಿಯಲಿ ಅಂತ ಅದರಲ್ಲೇ ಬರೆದುಬಿಡು. ಇಲ್ಲಾಂದರೆ ಬೆಳಗಾಗೋ ಹೊತ್ತಿಗೆ ನನ್ನ ಮನಸ್ಸು ಬದಲಾದೀತು.