ಹೊರಟವರು, ಉಳಿದವರು, ತೆರೆದ ಬಾಗಿಲು



ಭಾನುವಾರದ ಬಲಿಪೂಜೆ ಮುಗಿದು ದೇವಾಲಯದ ಅಂಗಳದಲ್ಲಿ ನಾವು ನಾಲ್ಕು ಜನ ನಿಂತರೆ ಒಂದು ಮಾತು ಬಂದೇ ಬರುತ್ತದೆ. ಯಾರ ಮಗ ಬೆಂಗಳೂರು ಸೇರಿದ, ಯಾರ ಮಗಳು ನರ್ಸಿಂಗ್ ಮುಗಿಸಿ ಪರದೇಶಕ್ಕೆ ಹೊರಟಳು, ಯಾವ ಮನೆಗೆ ಬೀಗ ಬಿತ್ತು ಎಂಬ ಮಾತು. "ಹೋಗದೆ ಏನು ಮಾಡ್ತಾರೆ, ಇಲ್ಲೇನಿದೆ?" ಎಂದು ಒಬ್ಬರು. "ಎಲ್ಲರೂ ಹೋದರೆ ಊರನ್ನ ನೋಡೋರು ಯಾರು?" ಎಂದು ಇನ್ನೊಬ್ಬರು. ಎರಡು ಮಾತೂ ನಿಜವೆಂದು ನಮಗೆ ಅನ್ನಿಸುತ್ತದೆ. ಹಾಗಾದರೆ ಹೋಗುವುದು ಸರಿಯೋ, ಉಳಿಯುವುದು ಸರಿಯೋ?

ಈ ಪ್ರಶ್ನೆಯನ್ನು ಒಂದು ಜನಾಂಗ ನಲವತ್ತು ವರ್ಷ ಹೊತ್ತು ತಿರುಗಿತು. ಅದು ಜರ್ಮನಿಯ ಜನ. ಅವರ ಕಥೆಯನ್ನು ಸ್ವಲ್ಪ ನಿಧಾನವಾಗಿ ನೋಡಿದರೆ ನಮ್ಮ ಅಂಗಳದ ಮಾತಿಗೂ ಬೆಳಕು ಸಿಗಬಹುದು.

ಎರಡನೆಯ ಮಹಾಯುದ್ಧದಲ್ಲಿ ಸೋತ ಜರ್ಮನಿ 1949ರಲ್ಲಿ ಎರಡು ರಾಜ್ಯಗಳಾಯಿತು. ಪಶ್ಚಿಮಕ್ಕೆ ಅಮೆರಿಕ, ಬ್ರಿಟನ್, ಫ್ರಾನ್ಸ್‌ಗಳ ಬೆಂಬಲ; ಪೂರ್ವಕ್ಕೆ ಸೋವಿಯೆತ್ ರಷ್ಯದ ಹಿಡಿತ. ಭಾಷೆ ಒಂದೇ, ಬಂಧುಬಳಗ ಒಂದೇ, ಆದರೆ ಎರಡು ರಾಜ್ಯಗಳೂ ಪರಸ್ಪರ ವೈರಿಗಳು. ತನ್ನ ಬಾಳೇ ಮೇಲು ಎಂದು ಜಗತ್ತಿಗೆ ತೋರಿಸುವ ಹಟ ಇಬ್ಬರಿಗೂ ಇತ್ತು. 1952ರಲ್ಲಿ ಪೂರ್ವದ ಸರಕಾರ ಉದ್ದಕ್ಕೂ ಗಡಿ ಮುಚ್ಚಿತು. ಒಂದೇ ಒಂದು ಕಂಡಿ ಉಳಿಯಿತು. ಅದು ಬರ್ಲಿನ್. ಆ ನಗರ ಪೂರ್ವ ಜರ್ಮನಿಯ ನಡುವೆ ಇದ್ದರೂ ಅದರ ಒಂದು ಭಾಗ ಪಶ್ಚಿಮದವರ ಕೈಯಲ್ಲಿತ್ತು. ಊರೊಳಗಿನ ರೈಲು ಎರಡೂ ಕಡೆಗೆ ಓಡುತ್ತಿತ್ತು. ಟಿಕೆಟ್ ತೆಗೆದು ಹತ್ತಿ ಕೆಲವು ನಿಲ್ದಾಣ ದಾಟಿ ಇಳಿದರೆ ಬೇರೆ ಆಡಳಿತ, ಬೇರೆ ನಾಣ್ಯ, ಬೇರೆ ಜೀವನ. ಹೀಗೆ ಬಂದವರಿಗಾಗಿ 1953ರಲ್ಲಿ ಪಶ್ಚಿಮ ಬರ್ಲಿನ್ನಿನ ಮಾರಿಯೆನ್‌ಫೆಲ್ಡೆ ಎಂಬಲ್ಲಿ ದೊಡ್ಡ ಶಿಬಿರವೇ ತೆರೆಯಿತು.

1949ರಿಂದ 1961ರ ಆಗಸ್ಟ್‌ವರೆಗೆ ಸುಮಾರು 27 ಲಕ್ಷ ಜನ ಪೂರ್ವವನ್ನು ಬಿಟ್ಟು ಪಶ್ಚಿಮ ಸೇರಿದರು. 1.8 ಕೋಟಿಯಷ್ಟು ಜನರಿದ್ದ ನಾಡಿಗೆ ಇದು ಸಣ್ಣ ಲೆಕ್ಕವಲ್ಲ. ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ 25 ವರ್ಷಕ್ಕಿಂತ ಚಿಕ್ಕವರು.

ಇವರನ್ನು ಎಳೆದದ್ದು ಯಾವುದು? ಪಶ್ಚಿಮದವರು "ಸ್ವಾತಂತ್ರ್ಯಕ್ಕಾಗಿ ಬಂದರು" ಎಂದರು. ಪೂರ್ವದವರು "ದುಡ್ಡಿನ ಆಸೆ ತೋರಿಸಿ ನಮ್ಮ ಜನರನ್ನು ಕದ್ದರು" ಎಂದರು. ಇಬ್ಬರೂ ಜನರ ಬಾಯಿಂದ ತಮಗೆ ಬೇಕಾದ ಉತ್ತರವನ್ನೇ ಕೇಳಿಸಿಕೊಂಡರು. ಆದರೆ ಬಂದವರು ತಂದ ಕಾರಣಗಳು ಹಲವು. ಜಮೀನನ್ನು ಸಾಮೂಹಿಕ ಬೇಸಾಯಕ್ಕೆ ಬಿಟ್ಟುಕೊಡು ಎಂಬ ಒತ್ತಾಯ ತಡೆಯದೆ ಹೊರಟ ರೈತರಿದ್ದರು. ಚರ್ಚಿನ ಯುವಜನರ ಕೂಟಕ್ಕೆ ಹೋದದ್ದಕ್ಕೆ 1953ರಲ್ಲಿ ಶಾಲೆಯಿಂದ ಹೊರಬಿದ್ದ ಮಕ್ಕಳಿದ್ದರು. ಹೆಚ್ಚು ಸಂಬಳ, ಒಳ್ಳೆಯ ಬೂಟು, ಕಾಫಿಪುಡಿ ಇವೂ ಕಾರಣವಾಗಿದ್ದವು. ಮೊದಲೇ ಹೋದ ಗಂಡನನ್ನು ಸೇರಲು ಹೋದವರು, ಮನೆಯ ಜಗಳದಿಂದ ಹೋದವರು, ನಾಳೆ ಬಾಗಿಲು ಮುಚ್ಚಿಬಿಟ್ಟರೆ ಎಂಬ ಹೆದರಿಕೆಗೆ ಹೋದವರು ಕೂಡ ಇದ್ದರು. ಒಬ್ಬನೇ ಮನುಷ್ಯನ ಒಂದೇ ಪೆಟ್ಟಿಗೆಯಲ್ಲಿ ಇವುಗಳಲ್ಲಿ ಮೂರು ನಾಲ್ಕು ಕಾರಣಗಳು ಒಟ್ಟಿಗೆ ಇರುತ್ತಿದ್ದವು.

ಇನ್ನೊಂದು ಸಂಗತಿಯನ್ನೂ ಮರೆಯಬಾರದು. ಎದುರು ದಿಕ್ಕಿನಲ್ಲಿ, ಅಂದರೆ ಪಶ್ಚಿಮದಿಂದ ಪೂರ್ವಕ್ಕೆ, ಅದೇ ವರ್ಷಗಳಲ್ಲಿ ಕೆಲವು ಲಕ್ಷ ಜನ ಹೋದರು. ಅವರಲ್ಲಿ ಬಹಳಷ್ಟು ಮಂದಿ ಮೊದಲು ಪಶ್ಚಿಮಕ್ಕೆ ಹೋಗಿ, ಅಲ್ಲಿ ಹೊಂದಿಕೊಳ್ಳಲಾಗದೆ ಹುಟ್ಟೂರಿಗೆ ಮರಳಿದವರು. ಆದ್ದರಿಂದ ಜನ ಹರಿಯುವ ದಿಕ್ಕು ಒಂದು ಸಾಕ್ಷಿ ನಿಜ. ಆದರೆ ಅದನ್ನು ಮತಪೆಟ್ಟಿಗೆಯ ಎಣಿಕೆಯಂತೆ ಓದಲಾಗದು. ಒಂದು ರಾಜ್ಯದಲ್ಲಿ ಏನು ಸರಿಯಿಲ್ಲ ಎಂದು ಅದು ಹೇಳುತ್ತದೆ. ಇನ್ನೊಂದು ರಾಜ್ಯದಲ್ಲಿ ಎಲ್ಲವೂ ಸರಿಯಿದೆ ಎಂದು ಹೇಳುವುದಿಲ್ಲ.

1961ರ ಆಗಸ್ಟ್ 13, ಭಾನುವಾರ. ಬರ್ಲಿನ್ ಜನ ನಿದ್ದೆಯಲ್ಲಿದ್ದಾಗ ಪೂರ್ವದ ಸರಕಾರ ನಗರದ ನಡುವೆ ಮುಳ್ಳುತಂತಿ ಎಳೆಯಿತು. ಅದೇ ಮುಂದೆ ಗೋಡೆಯಾಯಿತು. ಪಶ್ಚಿಮ ಬರ್ಲಿನ್ನಿನ ಸುತ್ತ ಸುಮಾರು 155 ಕಿಲೋಮೀಟರ್ ಉದ್ದದ ಗೋಡೆ. ಅದನ್ನು ದಾಟಲು ಹೋಗಿಯೋ ಅದರ ಕಾವಲಿನಿಂದಲೋ ಕನಿಷ್ಠ 140 ಜನ ಸತ್ತರು. ವೈರಿಗಳು ಒಳಬಾರದಂತೆ ಕಟ್ಟಿದ ರಕ್ಷಣಾ ಗೋಡೆ ಎಂದು ಸರಕಾರ ಹೇಳಿಕೊಂಡಿತು. ಆದರೆ ಕಾವಲುಗಾರರು ನೋಡುತ್ತಿದ್ದದ್ದು ಒಳಗಿನವರನ್ನೇ.

ಆ ಸರಕಾರದ ವಾದವನ್ನು ನಾವು ಸುಮ್ಮನೆ ತಳ್ಳಿಹಾಕಬಾರದು. ಅದರಲ್ಲಿ ಸತ್ಯದ ಒಂದು ತುಣುಕಿದೆ. ಸಾವಿರಾರು ವೈದ್ಯರು, ಎಂಜಿನಿಯರುಗಳು, ಶಿಕ್ಷಕರು ಹೋಗಿದ್ದರು. ಜನರ ದುಡಿಮೆಯ ದುಡ್ಡಿನಲ್ಲಿ ಓದಿದ ವೈದ್ಯರು ಅದೇ ಜನರನ್ನು ಕಾಯಿಲೆಯಲ್ಲಿ ಬಿಟ್ಟು ಹೋಗಬಹುದೇ? ಯುದ್ಧದ ನಷ್ಟಕ್ಕೆಂದು ಪೂರ್ವದ ಕಾರ್ಖಾನೆಗಳನ್ನು ಸೋವಿಯೆತ್‌ನವರು ಬಿಚ್ಚಿಕೊಂಡು ಹೋಗಿದ್ದರು; ಪಶ್ಚಿಮಕ್ಕೋ ಅಮೆರಿಕದ ನೆರವು ಹರಿದು ಬಂದಿತ್ತು. ಬಡಮನೆಯಿಂದ ಶ್ರೀಮಂತ ಮನೆ ಕೈಯಾಳುಗಳನ್ನು ಸೆಳೆಯಿತು ಎಂಬ ನೋವು ಸುಳ್ಳಲ್ಲ. ಗೋಡೆ ಎದ್ದು ಮೂರು ತಿಂಗಳಾಗುವ ಮೊದಲೇ, 1961ರ ಅಕ್ಟೋಬರ್ ಕೊನೆಯಲ್ಲಿ, ಪಶ್ಚಿಮ ಜರ್ಮನಿ ಕೆಲಸಗಾರರಿಗಾಗಿ ಟರ್ಕಿಯೊಡನೆ ಒಪ್ಪಂದ ಮಾಡಿಕೊಂಡಿತು. ಅದಕ್ಕೆ ದುಡಿಯುವ ಕೈಗಳ ಹಸಿವು ಅಷ್ಟಿತ್ತು.

ಆದರೂ ಗೋಡೆ ತಪ್ಪು. ಏಕೆಂದರೆ ಅದು ಮನುಷ್ಯನನ್ನು ರಾಜ್ಯದ ಆಸ್ತಿ ಎಂದು ಲೆಕ್ಕ ಹಾಕಿತು. ಇದಕ್ಕೆ ಬೇರೆ ಪುರಾವೆ ಬೇಡ, ಆ ಸರಕಾರವೇ ಮಾಡಿದ ಒಂದು ಏರ್ಪಾಡು ಸಾಕು. 1964ರಿಂದ ಅದು ನಿವೃತ್ತಿ ವಯಸ್ಸಾದವರಿಗೆ ಪಶ್ಚಿಮದ ನೆಂಟರನ್ನು ನೋಡಿಬರಲು ಅನುಮತಿ ಕೊಟ್ಟಿತು. ಅವರು ವಾಪಸು ಬಾರದಿದ್ದರೂ ನಷ್ಟವಿರಲಿಲ್ಲ, ಪಿಂಚಣಿ ಉಳಿಯುತ್ತಿತ್ತು. ದುಡಿಯುವ ಮಗನಿಗೆ ಗೋಡೆ, ದುಡಿದು ಬಳಲಿದ ತಾಯಿಗೆ ರಹದಾರಿ. ಯಾರನ್ನು ಹಿಡಿದಿಟ್ಟುಕೊಳ್ಳಬೇಕು, ಯಾರನ್ನು ಬಿಡಬಹುದು ಎಂಬ ಈ ಲೆಕ್ಕ ದನದ ಕೊಟ್ಟಿಗೆಗೆ ಸರಿ, ಮನುಷ್ಯರಿಗಲ್ಲ. 1963ರಲ್ಲಿ ಜಗದ್ಗುರು ಇಪ್ಪತ್ತಮೂರನೇ ಜಾನ್‌ರವರು ಭೂಮಿಯ ಮೇಲಿನ ಶಾಂತಿಯ ಬಗ್ಗೆ ಬರೆದ ಪತ್ರದಲ್ಲಿ, ನ್ಯಾಯವಾದ ಕಾರಣವಿದ್ದಾಗ ಬೇರೆ ನಾಡಿಗೆ ಹೋಗಿ ನೆಲೆಸುವುದನ್ನು ಮನುಷ್ಯನ ಹಕ್ಕುಗಳಲ್ಲಿ ಸೇರಿಸಿದರು. ಆಗ ಆ ಗೋಡೆಗೆ ಇನ್ನೂ ಎರಡು ವರ್ಷ ತುಂಬಿರಲಿಲ್ಲ.

ಹಾಗಾದರೆ ಉಳಿದವರ ಕಥೆ? ಅದನ್ನು ಹೇಳದೆ ಬಿಟ್ಟರೆ ಈ ಮಾತು ಅರ್ಧವಾಗುತ್ತದೆ. 1954ರಲ್ಲಿ ಜನಪ್ರವಾಹ ಪಶ್ಚಿಮಕ್ಕೆ ಹರಿಯುತ್ತಿದ್ದಾಗ ಹೋರ್ಸ್ಟ್ ಕಾಸ್ನರ್ ಎಂಬ ಲೂಥರನ್ ಬೋಧಕರು ಹ್ಯಾಂಬರ್ಗ್ ಬಿಟ್ಟು ಪೂರ್ವದ ಒಂದು ಹಳ್ಳಿಗೆ ಹೋದರು. ಅಲ್ಲಿ ಬೋಧಕರ ಕೊರತೆ ಇತ್ತು. ಅವರ ಹಿಂದೆಯೇ ಹೆಂಡತಿ ಮತ್ತು ಕೆಲವೇ ವಾರಗಳ ಹೆಣ್ಣು ಕೂಸು. ಆ ಕೂಸೇ ಮುಂದೆ ಒಂದಾದ ಜರ್ಮನಿಯನ್ನು 16 ವರ್ಷ ಆಳಿದ ಏಂಜೆಲಾ ಮರ್ಕೆಲ್. ನಮ್ಮ ಸಭೆಯಲ್ಲಿ ಆಲ್ಫ್ರೆಡ್ ಬೆಂಗ್ಶ್ ಅವರಿದ್ದರು. ಗೋಡೆ ಎದ್ದ ಅದೇ ವಾರ ಅವರು ಬರ್ಲಿನ್ನಿನ ಧರ್ಮಾಧ್ಯಕ್ಷರಾದರು. ಅವರ ಪ್ರಧಾನಾಲಯ ಪೂರ್ವದಲ್ಲಿ, ಅವರ ಮಂದೆ ಎರಡೂ ಕಡೆ. ಅವರು ಪೂರ್ವದಲ್ಲಿಯೇ ನೆಲೆಸಿದರು. ಪಶ್ಚಿಮದ ಭಕ್ತರನ್ನು ನೋಡಲು ಸರಕಾರ ಕೊಟ್ಟ ಲೆಕ್ಕದ ದಿನಗಳಲ್ಲಿ ಹೋಗಿ ಬರುತ್ತಿದ್ದರು. ವೈರಿ ರಾಜ್ಯಗಳ ನಡುವೆಯೂ ಆ ಧರ್ಮಕ್ಷೇತ್ರ ಒಂದಾಗಿಯೇ ಉಳಿಯಿತು.

ಇಂಥವರು ಉಳಿದದ್ದಕ್ಕೆ ನಾವು ತಲೆಬಾಗುತ್ತೇವೆ. ಏಕೆ? ತಾವೇ ಆರಿಸಿಕೊಂಡು ಉಳಿದರು ಎಂಬ ಕಾರಣಕ್ಕೆ. ಗೋಡೆಯಿಂದ ಉಳಿದವನು ಉಳಿದದ್ದಲ್ಲ, ಸಿಕ್ಕಿಬಿದ್ದದ್ದು. ನಮಗೆ ತೋಚುವುದು ಇಷ್ಟು: ಬಾಗಿಲು ತೆರೆದಿರುವಾಗ ಮಾತ್ರ ಉಳಿಯುವುದು ಒಂದು ಸದ್ಗುಣವಾಗುತ್ತದೆ. ಬಾಗಿಲು ಮುಚ್ಚಿದ ರಾಜ್ಯವು ಓಡಿಹೋಗುವವರನ್ನು ತಡೆಯುವುದರ ಜೊತೆಗೆ ಪ್ರೀತಿಯಿಂದ ಉಳಿಯುವವರ ಗೌರವವನ್ನೂ ಕಸಿದುಕೊಳ್ಳುತ್ತದೆ.

1989ರಲ್ಲಿ ಇದು ಬೀದಿಯಲ್ಲೇ ಕಂಡಿತು. ಸೆಪ್ಟೆಂಬರ್‌ನಲ್ಲಿ ಹಂಗೇರಿ ತನ್ನ ಗಡಿ ತೆರೆದಾಗ ಪೂರ್ವ ಜರ್ಮನಿಯ ಸಾವಿರಾರು ಯುವಕರು ಆ ದಾರಿಯಿಂದ ಹೊರಟರು. ಅದೇ ಹೊತ್ತಿಗೆ ಲೈಪ್‌ಝಿಗ್ ನಗರದಲ್ಲಿ ಸಂತ ನಿಕೊಲಸರ ದೇವಾಲಯದಲ್ಲಿ ಸೋಮವಾರದ ಪ್ರಾರ್ಥನೆ ಮುಗಿಸಿ ಹೊರಬಂದವರಲ್ಲಿ ಕೆಲವರು ನಮ್ಮನ್ನು ಹೊರಗೆ ಬಿಡಿ ಎಂದು ಕೂಗಿದರೆ, ಇನ್ನು ಕೆಲವರು ನಾವು ಇಲ್ಲೇ ಇರುತ್ತೇವೆ ಎಂದು ಕೂಗಿದರು. ಇಲ್ಲೇ ಇರುತ್ತೇವೆ ಎಂಬ ಕೂಗು ಸರಕಾರವನ್ನು ಹೆಚ್ಚು ನಡುಗಿಸಿತು. ಹೊರಟವರ ಕೊರತೆ ಕಣ್ಣಿಗೆ ಕುಕ್ಕುತ್ತಿದ್ದುದರಿಂದಲೇ ಉಳಿದವರ ಮಾತಿಗೆ ತೂಕ ಬಂತು. ಅಕ್ಟೋಬರ್ 9ರಂದು ಸುಮಾರು 70 ಸಾವಿರ ಜನ ಕೈಯಲ್ಲಿ ಕಲ್ಲು ಹಿಡಿಯದೆ ನಡೆದರು. ಸರಿಯಾಗಿ ಒಂದು ತಿಂಗಳಿಗೆ, ನವೆಂಬರ್ 9ರ ರಾತ್ರಿ, ಗೋಡೆ ತೆರೆಯಿತು. ಹೋದವರು, ಉಳಿದವರು ಇಬ್ಬರೂ ಸೇರಿ ಅದನ್ನು ತೆರೆದರು.

ಕಥೆ ಅಲ್ಲಿಗೆ ಸಿಹಿಯಾಗಿ ಮುಗಿಯಲಿಲ್ಲ. ಬಾಗಿಲು ತೆರೆದ ಮೇಲೂ ಪೂರ್ವದ ಊರುಗಳು ವರ್ಷಗಟ್ಟಲೆ ಬರಿದಾದವು. ಕಾರ್ಖಾನೆಗಳು ಮುಚ್ಚಿದವು, ಎಳೆಯರು, ಅದರಲ್ಲೂ ಹೆಣ್ಣುಮಕ್ಕಳು, ಪಶ್ಚಿಮಕ್ಕೆ ನಡೆದರು. ಬಂದವರ ಲೆಕ್ಕ ಕಳೆದರೂ ಪೂರ್ವಕ್ಕೆ 10 ಲಕ್ಷಕ್ಕೂ ಹೆಚ್ಚು ಜನ ನಷ್ಟವಾದರು. ತೆರೆದ ಬಾಗಿಲು ನ್ಯಾಯದ ಮೊದಲ ಮೆಟ್ಟಿಲು ಮಾತ್ರ. ಹೋಗುವ ಹಕ್ಕಿನ ಪಕ್ಕದಲ್ಲಿ ಹೋಗದೆ ಬದುಕುವ ಹಕ್ಕೂ ಇರಬೇಕು. ಊರಿನಲ್ಲೇ ಕೆಲಸ, ಶಾಲೆ, ಆಸ್ಪತ್ರೆ ಇಲ್ಲದಿದ್ದರೆ, ಗೋಡೆ ತಳ್ಳದಿದ್ದರೂ ಹಸಿವು ತಳ್ಳುತ್ತದೆ.

ಇನ್ನು ನಮ್ಮ ಅಂಗಳಕ್ಕೆ ಬರೋಣ. ನಾವು ಗಡಿಯವರು. 1956ರಲ್ಲಿ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಹೋಯಿತು, ತಾಳವಾಡಿ ಮದರಾಸಿನಲ್ಲೇ ಉಳಿಯಿತು. ಜನ ಕದಲಲಿಲ್ಲ, ಗೆರೆ ಕದಲಿತು. ಆದರೂ ಆ ಗೆರೆಯ ಮೇಲೆ ಯಾರೂ ಗೋಡೆ ಕಟ್ಟಲಿಲ್ಲ. ಮದುವೆಗೆ, ಸಂತೆಗೆ, ಹಬ್ಬಕ್ಕೆ ನಾವು ಎರಡೂ ಕಡೆ ಓಡಾಡಿಕೊಂಡೇ ಇದ್ದೇವೆ. ಜರ್ಮನಿಯ ಜನ 28 ವರ್ಷ ಕಾದು ಪಡೆದದ್ದು ನಮಗೆ ಕೇಳದೆಯೇ ಸಿಕ್ಕಿದೆ.

ಆದರೆ ಗೋಡೆಗಳನ್ನು ನಾಲಗೆಯಿಂದಲೂ ಕಟ್ಟಬಹುದು. "ನಮ್ಮನ್ನು ಬಿಟ್ಟು ಹೋದ" ಎಂದು ಹೊರಟ ಮಗನ ಎದೆಗೆ ಕಲ್ಲು ಹೇರುವಾಗ ನಾವು ಒಂದು ಗೋಡೆ ಕಟ್ಟುತ್ತೇವೆ. "ಇವನಿಗೆ ಹೋಗುವ ಯೋಗ್ಯತೆ ಇಲ್ಲ, ಇಲ್ಲೇ ಬಿದ್ದಿದ್ದಾನೆ" ಎಂದು ಹೊಲ ನೋಡಿಕೊಂಡು, ಮುದುಕಿ ತಾಯಿಗೆ ಗಂಜಿ ಕುಡಿಸುವ ಮಗನನ್ನು ಹಂಗಿಸುವಾಗ ಇನ್ನೊಂದು ಗೋಡೆ ಕಟ್ಟುತ್ತೇವೆ. ಹೋಗುವವರ ಮೇಲೆ ಒಂದು ಋಣವಿದೆ, ಅದನ್ನು ಅವರು ಮರೆಯಬಾರದು. ಆದರೆ ಋಣವನ್ನು ನೆನಪಿಸುವುದು ಬೇರೆ, ಬೇಡಿ ತೊಡಿಸುವುದು ಬೇರೆ.

ಮುಂದಿನ ಭಾನುವಾರ ಅಂಗಳದಲ್ಲಿ ಆ ಮಾತು ಮತ್ತೆ ಬರುತ್ತದೆ. ಆಗ ಹೊರಟ ಮಗಳನ್ನು ಹರಸಿ ಕಳಿಸೋಣ, ಬೀಗ ಬಿದ್ದ ಮನೆಯ ಪಕ್ಕದಲ್ಲಿ ಒಬ್ಬರೇ ಇರುವ ಅಜ್ಜಿಯ ಬಾಗಿಲು ತಟ್ಟೋಣ. ಉಳಿದವನ ಭುಜದ ಮೇಲೆ ಕೈಯಿಟ್ಟು, "ನೀನು ಇರೋದು ನಮಗೆ ಗೊತ್ತಿದೆ ಕಣಪ್ಪಾ" ಎನ್ನೋಣ. ಇಷ್ಟು ಮಾಡಲು ನಮಗೆ ಯಾವ ರಾಜ್ಯದ ಅಪ್ಪಣೆಯೂ ಬೇಕಿಲ್ಲ.