ಭಯದ ಲೆಕ್ಕ

ನಮ್ಮ ಗೋರಂಟ್ಲ ಭಾಗದ ಕನ್ನಡದವರಿಗೆ ಗಡಿ ಎಂದರೆ ಬಸ್ಸಿನ ಬೋರ್ಡಿನ ಅಕ್ಷರ ಬದಲಾಗುವ ಜಾಗ. ಕಾಸರಗೋಡಿನ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗುಂಡು ಹಾರುವ ಗಡಿಯನ್ನು ನಾವು ಕಂಡದ್ದು ಪತ್ರಿಕೆಗಳಲ್ಲಿ ಮಾತ್ರ. 2025ರ ಮೇ ತಿಂಗಳಲ್ಲಿ ಆ ಗಡಿಯೇ ಗೋರಂಟ್ಲ ಮಂಡಲದ ಕಲ್ಲಿತಾಂಡಾಕ್ಕೆ ಬಂತು. ಅಲ್ಲಿನ ಅಗ್ನಿವೀರ ಮುರಳಿ ನಾಯಕ್ ನಿಯಂತ್ರಣ ರೇಖೆಯಲ್ಲಿ ಪಾಕಿಸ್ತಾನದ ದಾಳಿಗೆ ಬಲಿಯಾದದ್ದು ಮೇ 9ರಂದು. ಮರುದಿನ ಸಂಜೆ ಕದನವಿರಾಮ.

ಏಪ್ರಿಲ್ 22ರಂದು ಪಹಲ್ಗಾಮಿನಲ್ಲಿ 26 ಮಂದಿಯನ್ನು ಕೊಂದರು. ಶಿವಮೊಗ್ಗ, ಬೆಂಗಳೂರಿನವರೂ ಅವರಲ್ಲಿದ್ದರು. ಧರ್ಮ ಕೇಳಿ ಕೊಂದರೆಂದು ಬದುಕುಳಿದವರು ಹೇಳಿದಾಗ ಹೆದರದ, ಸಿಟ್ಟಾಗದ ಮನುಷ್ಯನಿರಲಾರ. ಆ ಭಯ ಸುಳ್ಳಲ್ಲ, ಯಾರೋ ಹೇಳಿಕೊಟ್ಟದ್ದೂ ಅಲ್ಲ. ನನ್ನ ಪ್ರಶ್ನೆ ಬೇರೆ: ನಮ್ಮ ಭಯವನ್ನು ಸರ್ಕಾರ ಕಡ ಒಯ್ದರೆ ಅದರ ಲೆಕ್ಕ ಕೇಳುವ ಹಕ್ಕು ನಮಗುಂಟೋ ಇಲ್ಲವೋ?

ಅಷ್ಟು ಪ್ರವಾಸಿಗರಿದ್ದ ಬೈಸರನ್ ಬಯಲಿನಲ್ಲಿ ಕಾವಲು ಏಕಿರಲಿಲ್ಲ ಎಂಬ ಮಾತು ಮೊದಮೊದಲು ಎಲ್ಲರ ಬಾಯಲ್ಲಿತ್ತು. ಮೇ 7ಕ್ಕೆ ಕ್ಷಿಪಣಿಗಳು ಹಾರಿದವು. ನಾಗರಿಕ ರಕ್ಷಣೆಯ ಅಣಕು ತಾಲೀಮಿನ ಪಟ್ಟಿಯಲ್ಲಿ ರಾಯಚೂರು, ಕಾರವಾರಗಳೂ ಸೇರಿದವು. ಆ ಹೊತ್ತಿಗೆ ಕಾವಲಿನ ಮಾತೆತ್ತುವುದೇ ದ್ರೋಹವೆನ್ನಿಸತೊಡಗಿತ್ತು. ಮದುವೆಯಾದ ವಾರದೊಳಗೆ, ನೌಕಾಪಡೆಯಲ್ಲಿದ್ದ ಗಂಡನನ್ನು ಅಲ್ಲಿ ಕಳೆದುಕೊಂಡ ಹೆಣ್ಣುಮಗಳು, ಮುಸ್ಲಿಮರ ಮೇಲೆ, ಕಾಶ್ಮೀರಿಗಳ ಮೇಲೆ ಹಗೆ ಬೇಡ ಎಂದದ್ದಕ್ಕೆ ಬೈಗುಳ ಕೇಳಬೇಕಾಯಿತು. ದುಃಖ ಆಕೆಯದು, ಅದರ ಯಜಮಾನಿಕೆ ಮಾತ್ರ ಬೇರೆಯವರದು!

2008ರಲ್ಲಿ ಮುಂಬೈಯಲ್ಲಿ 166 ಮಂದಿ ಸತ್ತಾಗ ಭಯವೇನು ಕಡಿಮೆಯಿತ್ತೆ? ಆಗ ಯುದ್ಧವಾಗಲಿಲ್ಲ, ಗೃಹಮಂತ್ರಿ ಶಿವರಾಜ ಪಾಟೀಲರು ರಾಜೀನಾಮೆ ಕೊಡಬೇಕಾಯಿತು. ಆ ಸರ್ಕಾರ ಸಾಧುವೆಂದಲ್ಲ, ಬಂಧನದ ಕಾನೂನನ್ನು ಅದೂ ಬಿಗಿ ಮಾಡಿತು. ಆದರೂ ಉತ್ತರ ಕೇಳುವವರ ದನಿ ಆಗ ಕೇಳಿಸುತ್ತಿತ್ತು. ಅಮೆರಿಕ 2001ರ ತನ್ನ ಜನರ ಭಯವನ್ನು 2003ರಲ್ಲಿ ಇರಾಕಿನ ಮೇಲೆ ಖರ್ಚು ಮಾಡಿತು. ಅಲ್ಲಿವೆಯೆಂದ ಅಸ್ತ್ರಗಳು ಸಿಗಲೇ ಇಲ್ಲ.

ಭಯೋತ್ಪಾದಕರ ನೆಲೆಗಳನ್ನು ಹೊಡೆಯದಿದ್ದರೆ ಮತ್ತೆ ಬರುತ್ತಾರೆ ಎನ್ನುವವರ ಮಾತು ತಳ್ಳಿಹಾಕುವಂಥದ್ದಲ್ಲ. ಆದರೆ ಪಹಲ್ಗಾಮಿನಲ್ಲಿ ಗುಂಡು ಹಾರಿಸಿದವರೆಂದು ಸರ್ಕಾರವೇ ಹೇಳಿದ ಮೂವರು ಸತ್ತದ್ದು ಜುಲೈ 28ರಂದು, ಶ್ರೀನಗರದ ಬಳಿಯ ಕಾಡಿನಲ್ಲಿ, ನಮ್ಮ ಪಡೆಗಳು ಹುಡುಕಿ ಬೆನ್ನಟ್ಟಿದಾಗ. ನಾಲ್ಕು ದಿನದ ಕದನ ಮುಗಿದಾಗ ಅವರು ಬದುಕಿದ್ದರು. ಕಲ್ಲಿತಾಂಡಾದ ಹುಡುಗ ಇರಲಿಲ್ಲ.

ಅಂತ್ಯಕ್ರಿಯೆಗೆ ಮಂತ್ರಿಗಳು ಬಂದರು, ಪರಿಹಾರ ಘೋಷಿಸಿದರು. ಖಾಯಂ ಸೈನಿಕನ ಮನೆಯವರಿಗೆ ಸಿಗುವ ಕುಟುಂಬ ಪಿಂಚಣಿ ಅಗ್ನಿವೀರನ ಮನೆಯವರಿಗಿಲ್ಲ. ಅದನ್ನು ಕೇಳಲು ಅವನ ತಾಯಿ ಬಾಂಬೆ ಹೈಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು.